ಸರ್ಕಾರದ ಆರೋಗ್ಯ ನಿಯಮ ಮತ್ತು ನಮ್ಮ ಚರ್ಚು: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಪೂಜೆ ಮುಗಿದ ಮೇಲೆ ಗೇಟಿನ ಹತ್ತಿರ, ಸಮಿತಿ ಸಭೆಯಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಈ ಪ್ರಶ್ನೆಗಳು ಇವತ್ತಿಗೂ ಬರುತ್ತಲೇ ಇವೆ. ಕೊರೊನಾ ಹೋಯಿತು, ಪ್ರಶ್ನೆಗಳು ಹೋಗಲಿಲ್ಲ. ಡೆಂಗಿ ಜಾಸ್ತಿಯಾದಾಗ, ಮತ್ತೆ ಮಾಸ್ಕ್ ಹಾಕಿ ಅನ್ನುವ ಸಲಹೆ ಬಂದಾಗ ಅವೇ ಮಾತುಗಳು ಏಳುತ್ತವೆ. ಬೆಂಗಳೂರಿನ ಕಥೋಲಿಕ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ಮೆಥಡಿಸ್ಟ್, ಪೆಂತೆಕೋಸ್ತ್ ಸಭೆಗಳವರು ಎಲ್ಲರೂ ಓದಲಿ ಅಂತ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರಾರ್ಥನೆ ನಮ್ಮ ಮೂಲಭೂತ ಹಕ್ಕು. ಚರ್ಚಿನ ಬಾಗಿಲು ಮುಚ್ಚಿ ಅಂತ ಸರ್ಕಾರ ಹೇಗೆ ಹೇಳಬಹುದು?

ಸಂವಿಧಾನದ 25ನೇ ವಿಧಿಯನ್ನು ನಾವು ತುಂಬಾ ಸಲ ಅರ್ಧ ಮಾತ್ರ ಹೇಳುತ್ತೇವೆ. ಧರ್ಮವನ್ನು ನಂಬುವ, ಆಚರಿಸುವ, ಸಾರುವ ಹಕ್ಕು ಎಲ್ಲರಿಗೂ ಇದೆ, ನಿಜ. ಆದರೆ ಆ ವಾಕ್ಯ ಶುರುವಾಗುವುದೇ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಇವುಗಳಿಗೆ ಒಳಪಟ್ಟು ಎಂದು. 26ನೇ ವಿಧಿಯಲ್ಲೂ ಇದೇ ಷರತ್ತು ಇದೆ. ಇದು ಕೊರೊನಾ ಬಂದಾಗ ಸೇರಿಸಿದ ಮಾತಲ್ಲ, 1950ರಿಂದಲೂ ಇದೆ.

ಆದೇಶ ಹೊರಡಿಸಲು ಬಳಸಿದ ಕಾನೂನುಗಳೂ ಗೊತ್ತಿರಲಿ. ಪ್ಲೇಗಿನ ಕಾಲದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ, 2005ರ ವಿಪತ್ತು ನಿರ್ವಹಣಾ ಕಾಯ್ದೆ, ಆಮೇಲೆ ಕರ್ನಾಟಕವೇ 2020ರಲ್ಲಿ ಮಾಡಿಕೊಂಡ ಸಾಂಕ್ರಾಮಿಕ ರೋಗಗಳ ಕಾಯ್ದೆ.

ಹಾಗಂತ ಸರ್ಕಾರ ಹೇಳಿದ್ದೆಲ್ಲ ಸರಿ ಅಂತಲ್ಲ. ನಿಯಮ ನಿಜವಾಗಿ ಆರೋಗ್ಯಕ್ಕಾಗಿಯೇ ಇದೆಯಾ? ಎಲ್ಲ ಧರ್ಮದವರಿಗೂ ಒಂದೇ ಆಗಿದೆಯಾ? ಅಪಾಯ ಇಳಿದಾಗ ತೆಗೆಯುತ್ತಾರಾ? ಈ ಮೂರನ್ನು ಕೇಳುವ ಹಕ್ಕು ನಮಗಿದೆ, ಕೇಳಲೇಬೇಕು.

‘ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು’ ಅಂತ ಸತ್ಯವೇದವೇ ಹೇಳುತ್ತಲ್ಲ?

ಹೇಳುತ್ತದೆ, ಅಪೊಸ್ತಲರ ಕೃತ್ಯಗಳು 5:29. ಆದರೆ ಪೇತ್ರ ಆ ಮಾತು ಆಡಿದ್ದು ಯಾವಾಗ? ಯೇಸುವಿನ ಹೆಸರೆತ್ತಿ ಬೋಧಿಸಲೇಬಾರದು ಅಂತ ಕಟ್ಟಪ್ಪಣೆ ಮಾಡಿದಾಗ. 2020ರಲ್ಲಿ ಯಾರೂ ನಮ್ಮ ಬೋಧನೆಗೆ ಕೈ ಹಾಕಲಿಲ್ಲ. ಒಂದೇ ಗಾಳಿಯಲ್ಲಿ ಇನ್ನೂರು ಜನ ಒಂದೂವರೆ ಗಂಟೆ ಕೂರಬೇಡಿ ಅಂದರು. ಎರಡೂ ಒಂದೇ ಅಂದರೆ, ನಿಜವಾಗಿ ಹಿಂಸೆ ಅನುಭವಿಸಿದವರಿಗೆ ಅನ್ಯಾಯ ಮಾಡಿದ ಹಾಗೆ.

ಇಬ್ರಿಯರಿಗೆ 10:25 ಇನ್ನೂ ಗಟ್ಟಿಯಾದ ಪ್ರಶ್ನೆ. ಸಭೆಯಾಗಿ ಸೇರುವುದನ್ನು ಬಿಡಬೇಡಿ ಅಂತ ಅಲ್ಲಿದೆ. ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸೇರುವುದು ನಮಗೆ ಅಭ್ಯಾಸ ಅಲ್ಲ, ವಿಶ್ವಾಸದ ಭಾಗ. ಅದಕ್ಕೇ ಸಭೆ ನಿಲ್ಲಿಸಿದ್ದು ನೋವಿನ ವಿಷಯ, ನೋವು ಅಂತಲೇ ಹೇಳಬೇಕು. ಆದರೆ ಅದೇ ವಚನದಲ್ಲಿ ಒಬ್ಬರನ್ನೊಬ್ಬರು ಎಚ್ಚರಿಸಿ ಅಂತಲೂ ಇದೆ. ಯಾಜಕಕಾಂಡ 13ರಲ್ಲಿ ಅಂಟುವ ಚರ್ಮರೋಗದ ಅನುಮಾನ ಬಂದವರನ್ನು ಏಳು ದಿನ ಬೇರೆ ಇರಿಸಿ, ಮತ್ತೆ ನೋಡಿ ತೀರ್ಮಾನಿಸಬೇಕಾದವನು ಯಾಜಕನೇ. ರೋಗಕ್ಕೆ ದೂರ ಇರಿಸುವುದು ನಮ್ಮ ಗ್ರಂಥಕ್ಕೆ ಹೊಸದೇನಲ್ಲ.

ಬೆಂಗಳೂರಿನಲ್ಲಿ ನಿಜಕ್ಕೂ ಯಾವಾಗ ಏನು ಮುಚ್ಚಿತು, ಯಾವಾಗ ತೆರೆಯಿತು?

ಈಗ ಎಲ್ಲರಿಗೂ ಎಲ್ಲ ಕಲಸಿಹೋಗಿದೆ. ದೇಶದಲ್ಲಿ ಕೊರೊನಾದಿಂದ ಮೊದಲ ಸಾವು ಆದದ್ದು ನಮ್ಮ ಕಲಬುರಗಿಯಲ್ಲಿ, 2020ರ ಮಾರ್ಚ್‌ನಲ್ಲಿ. ಆ ತಿಂಗಳ ಮಧ್ಯದಲ್ಲೇ ರಾಜ್ಯ ಸರ್ಕಾರ ಗುಂಪು ಸೇರುವುದಕ್ಕೆ ಕಡಿವಾಣ ಹಾಕಿತು. ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್. ಎಲ್ಲ ಪೂಜಾಸ್ಥಳಗಳೂ ಜನರಿಗೆ ಬಂದ್. ಆ ವರ್ಷ ಗರಿಗಳ ಭಾನುವಾರ ಏಪ್ರಿಲ್ 5, ಪಾಸ್ಖ (ಈಸ್ಟರ್) ಏಪ್ರಿಲ್ 12. ಎರಡೂ ಮನೆಯಲ್ಲೇ ಆದವು. ಜೂನ್ 8ರಿಂದ ಷರತ್ತಿನ ಮೇಲೆ ತೆರೆಯಬಹುದು ಅಂತಾಯಿತು.

2021ರ ಏಪ್ರಿಲ್‌ನಲ್ಲಿ ಎರಡನೇ ಅಲೆಗೆ ಮತ್ತೆ ಬೀಗ. ಜುಲೈ 5ರಿಂದ ‘ದರ್ಶನಕ್ಕೆ ಮಾತ್ರ’ ಅನುಮತಿ, ಆ ತಿಂಗಳ ಕೊನೆಗೆ ಪೂಜೆ, ಆರಾಧನೆಗೂ. 2022ರ ಜನವರಿಯಲ್ಲಿ ಮೂರನೇ ಅಲೆ: ಒಂದು ಸಲಕ್ಕೆ 50 ಜನ, ಅದೂ ಎರಡು ಡೋಸ್ ಲಸಿಕೆ ಆದವರು.

ಮಾಲ್ ತೆರೆದರು, ಚರ್ಚ್ ಮುಚ್ಚಿದರು. ಇದು ತಾರತಮ್ಯ ಅಲ್ವಾ?

2020ರಲ್ಲಿ ಮಾಲ್, ಹೋಟೆಲ್, ಪೂಜಾಸ್ಥಳ ಮೂರಕ್ಕೂ ಒಂದೇ ದಿನ, ಜೂನ್ 8ರಂದು, ಅನುಮತಿ ಬಂತು. 2021ರ ಜುಲೈ 5ರಂದೂ ಮಾಲ್ ಮತ್ತು ಪೂಜಾಸ್ಥಳ ಒಟ್ಟಿಗೇ ತೆರೆದವು. ದೇವಸ್ಥಾನ, ಮಸೀದಿ, ಗುರುದ್ವಾರ, ಚರ್ಚು ಎಲ್ಲಕ್ಕೂ ಒಂದೇ ಆದೇಶ. ಹಾಗಾಗಿ ಕ್ರೈಸ್ತರನ್ನು ಬೇಕಂತಲೇ ಗುರಿ ಮಾಡಿದರು ಅನ್ನುವ ಮಾತು ನಿಲ್ಲುವುದಿಲ್ಲ.

ಆದರೆ ನಿಜವಾದ ತೊಂದರೆ ಬೇರೆ ಇತ್ತು, ಅದನ್ನು ಯಾರೂ ಗಟ್ಟಿಯಾಗಿ ಹೇಳಲಿಲ್ಲ. ನಿಯಮ ಬರೆದವರ ಮನಸ್ಸಿನಲ್ಲಿ ಇದ್ದದ್ದು ದರ್ಶನ. ಸಾಲಿನಲ್ಲಿ ಬರುವುದು, ಕೈ ಮುಗಿಯುವುದು, ಹೊರಗೆ ಹೋಗುವುದು. ನಮ್ಮ ಆರಾಧನೆ ಹಾಗಲ್ಲ. ಎಲ್ಲರೂ ಒಂದೇ ಹೊತ್ತಿಗೆ ಬರುತ್ತೇವೆ, ಒಟ್ಟಿಗೆ ಕೂರುತ್ತೇವೆ, ಒಟ್ಟಿಗೆ ಎದ್ದು ಹೋಗುತ್ತೇವೆ. ದರ್ಶನಕ್ಕೆ ಮಾತ್ರ ಅಂದರೆ ನಮಗೆ ಏನೂ ಇಲ್ಲ ಅಂದ ಹಾಗೇ. ಒಂದು ಸಲಕ್ಕೆ 50 ಜನ ಅನ್ನುವುದು ದಿನವಿಡೀ ಬಾಗಿಲು ತೆರೆದಿರುವ ಕಡೆ ಸಾವಿರಾರು ಜನರಿಗೆ ಅವಕಾಶ. ಚರ್ಚಿಗೆ ಮಾತ್ರ ಒಂದು ಪೂಜೆಗೆ 50 ಜನ, ಅಷ್ಟೇ. ಸಾವಿರ ಜನ ಹಿಡಿಯುವ ಎತ್ತರದ ಚಾವಣಿಯ ಕಟ್ಟಡಕ್ಕೂ 50, ಶೀಟಿನ ಹಾಲ್‌ಗೂ 50. ಜಾಗದ ಅಳತೆ ನೋಡಿ ಸಂಖ್ಯೆ ಕೊಡಿ ಅಂತ ಕೇಳಬೇಕಿತ್ತು. ಇಂಥ ಮಾತನ್ನು ಬೀದಿಯಲ್ಲಿ ಕೂಗಬೇಕಾಗಿಲ್ಲ. ಆದೇಶದ ಕರಡು ತಯಾರಾಗುವಾಗಲೇ ಅಧಿಕಾರಿಗಳ ಮುಂದೆ ಕೂತು ವಿವರಿಸಿದರೆ ಸಾಕು.

ಚರ್ಚುಗಳು ಹೊಂದಿಕೊಂಡ ರೀತಿ ನೋಡಿ. ಪೂಜೆಗಳ ಸಂಖ್ಯೆ ಹೆಚ್ಚಿಸಿದರು. ಪ್ರಸಂಗ ಚಿಕ್ಕದಾಯಿತು. ಬೆಂಚು ಬಿಟ್ಟು ಬೆಂಚಿಗೆ ಹಗ್ಗ ಕಟ್ಟಿದರು. ಒಂದೇ ಚರ್ಚಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್, ಕೊಂಕಣಿ ಪೂಜೆಗಳು ಸಾಲಾಗಿ ನಡೆಯುವ ಊರು ನಮ್ಮದು. ಹೊರಗೆ ಹೋಗುವವರೂ ಒಳಗೆ ಬರುವವರೂ ಬಾಗಿಲಲ್ಲಿ ಎದುರುಬದುರಾಗದ ಹಾಗೆ ನೋಡಿಕೊಳ್ಳುವುದೇ ಸ್ವಯಂಸೇವಕರಿಗೆ ದೊಡ್ಡ ಕೆಲಸವಾಗಿತ್ತು.

ಒಂದೊಂದು ಚರ್ಚು ಒಂದೊಂದು ಥರ ನಡೆದುಕೊಂಡಿದ್ದು ಯಾಕೆ?

ಅವುಗಳ ಆಡಳಿತವೇ ಬೇರೆ ಬೇರೆ. ಕಥೋಲಿಕರಲ್ಲಿ ಮಹಾಧರ್ಮಾಧ್ಯಕ್ಷರ ಒಂದು ಸುತ್ತೋಲೆ ಬಂದರೆ ಎಲ್ಲ ಧರ್ಮಕೇಂದ್ರಗಳಿಗೂ ಅದೇ ನಿಯಮ. ಸಿಎಸ್‌ಐನಲ್ಲಿ ಬಿಷಪ್ ಮತ್ತು ಡಯೋಸಿಸ್ ಹೇಳಿದ್ದನ್ನು ಸಭಾಪಾಲಕರು, ಸಮಿತಿಯವರು ಕೂತು ಜಾರಿಗೆ ತರುತ್ತಾರೆ. ಸ್ವತಂತ್ರ ಸಭೆಗಳಲ್ಲಿ ಪಾಸ್ಟರ್ ಒಬ್ಬರೇ ತೀರ್ಮಾನ ಮಾಡಬೇಕು. ಮೇಲಿನಿಂದ ಹೇಳುವವರಿಲ್ಲ, ತಪ್ಪಾದರೆ ಜೊತೆಗೆ ನಿಲ್ಲುವವರೂ ಇಲ್ಲ.

ಈ ಸಣ್ಣ ಸಭೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಲಿಂಗರಾಜಪುರ, ಕಮ್ಮನಹಳ್ಳಿ ಕಡೆ ಹೋಗಿ ನೋಡಿ. ಅಂಗಡಿಯ ಮೇಲಿನ ಬಾಡಿಗೆ ಹಾಲು, ಪ್ಲಾಸ್ಟಿಕ್ ಕುರ್ಚಿಗಳು, ಒಂದು ಕೀಬೋರ್ಡು. ಬರುವವರು ಮನೆಗೆಲಸದವರು, ಗಾರೆ ಕೆಲಸದವರು, ಆಟೊ ಓಡಿಸುವವರು. ಕಾಣಿಕೆ ಬಂದರೆ ಬಾಡಿಗೆ. ಲಾಕ್‌ಡೌನ್‌ನಲ್ಲಿ ಕಾಣಿಕೆ ನಿಂತಿತು, ಬಾಡಿಗೆ ನಿಲ್ಲಲಿಲ್ಲ. ಕೆಲವರು ಕದ್ದು ಸೇರಿದರು ಅಂತ ನಾವು ಸುಲಭವಾಗಿ ಬಯ್ಯುತ್ತೇವೆ. ಅವರು ಮಾಡಿದ್ದು ತಪ್ಪೇ. ಆದರೆ ದೊಡ್ಡ ಚರ್ಚುಗಳು ಆ ಪಾಸ್ಟರ್‌ಗಳಿಗೆ ಎರಡು ತಿಂಗಳ ಬಾಡಿಗೆ ಕೊಟ್ಟಿದ್ದರೆ ನಿಯಮ ಪಾಲಿಸುವುದು ಅವರಿಗೂ ಸುಲಭವಾಗುತ್ತಿತ್ತು. ಬಡವರಿಗೆ ಪಾಲಿಸಲು ಆಗುವ ಹಾಗೆ ಮಾಡುವುದೂ ನಿಯಮ ಪಾಲನೆಯಲ್ಲಿ ಸೇರಬೇಕು.

ಪರಮಪ್ರಸಾದವನ್ನು (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ನಾಲಗೆಯ ಮೇಲೆ ಕೊಡುವುದು ನಿಲ್ಲಿಸಿದ್ದು ಸರಿಯಾ? ಒಂದೇ ಬಟ್ಟಲು?

ಜೀವಮಾನವಿಡೀ ನಾಲಗೆಯ ಮೇಲೆ ಸ್ವೀಕರಿಸಿದ ಅಜ್ಜಿಯರಿಗೆ ಕೈ ಚಾಚುವುದು ತುಂಬಾ ಕಷ್ಟವಾಯಿತು. ಎಡಗೈ ಮೇಲೆ, ಬಲಗೈ ಕೆಳಗೆ. ಪಕ್ಕಕ್ಕೆ ಸರಿದು, ಮಾಸ್ಕ್ ಇಳಿಸಿ, ಅಲ್ಲೇ ಸ್ವೀಕರಿಸಬೇಕು. ಕೆಲವರು ಕಣ್ಣೀರು ಹಾಕಿದರು. ಅವರನ್ನು ಹಳೇ ಕಾಲದವರು ಅಂತ ತಳ್ಳಿಹಾಕಬೇಡಿ. ಆದರೆ ಪರಮಪ್ರಸಾದದ ಪಾವಿತ್ರ್ಯ ಅದು ಮುಟ್ಟುವ ಜಾಗದಿಂದ ಕಡಿಮೆಯಾಗುವುದಿಲ್ಲ. ಒಬ್ಬೊಬ್ಬರ ಬಾಯಿಗೂ ಕೈ ಒಯ್ಯುವ ಗುರುಗಳಿಂದ ಇಡೀ ಸಾಲಿಗೆ ಸೋಂಕು ದಾಟಬಹುದಿತ್ತು. ಹಾಗಾಗಿ ತೀರ್ಮಾನ ಸರಿಯಾಗಿಯೇ ಇತ್ತು.

ಒಂದೇ ಬಟ್ಟಲಿನಿಂದ ಕುಡಿಯುವ ಸಭೆಗಳು ಸಣ್ಣ ಲೋಟಗಳಿಗೆ ಬಂದವು, ಅಥವಾ ರೊಟ್ಟಿ ಮಾತ್ರ ಕೊಟ್ಟವು. ರೊಟ್ಟಿ ಮಾತ್ರ ಸ್ವೀಕರಿಸಿದರೂ ಭೋಜನ ಪೂರ್ಣ ಅನ್ನುವುದು ಕಥೋಲಿಕರ ಬೋಧನೆ. ಹಾಗಾಗಿ ಅವರಿಗೆ ಇಲ್ಲಿ ಗೊಂದಲ ಇರಲಿಲ್ಲ.

ಹಾಡಬಾರದು ಅಂದದ್ದು ಅತಿಯಾಯಿತಲ್ಲ?

ಹಾಡಿಲ್ಲದ ಆರಾಧನೆ ಬಿಕೋ ಅನ್ನುತ್ತಿತ್ತು, ಒಪ್ಪುತ್ತೇನೆ. ಆದರೆ ಕಾರಣ ಗಟ್ಟಿಯಾಗಿತ್ತು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2020ರ ಮಾರ್ಚ್ 10ರಂದು ಒಂದು ಗಾಯಕ ವೃಂದದ 61 ಜನ ಎರಡೂವರೆ ಗಂಟೆ ಅಭ್ಯಾಸ ಮಾಡಿದರು. ಒಬ್ಬರಿಗೆ ಮೊದಲೇ ಸೋಂಕಿತ್ತು. ಖಚಿತವಾದದ್ದು, ಬಹುತೇಕ ಖಚಿತವಾದದ್ದು ಎರಡೂ ಸೇರಿ 53 ಪ್ರಕರಣಗಳಾದವು, ಇಬ್ಬರು ತೀರಿಕೊಂಡರು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ ಜೂನ್ 4ರಂದು ಪೂಜಾಸ್ಥಳಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಗಾಯಕ ವೃಂದ ಬೇಡ, ರೆಕಾರ್ಡ್ ಆದ ಹಾಡು ಹಾಕಬಹುದು ಅಂತಿತ್ತು. ತೀರ್ಥ ಚಿಮುಕಿಸುವುದು, ಪ್ರಸಾದ ಹಂಚುವುದು, ವಿಗ್ರಹ ಮುಟ್ಟುವುದೂ ಬೇಡ ಅಂತಿತ್ತು.

ಮೊಬೈಲ್‌ನಲ್ಲಿ ಪೂಜೆ ನೋಡಿದರೆ ಸಾಕಾ?

ಆಗ ಸಾಕಿತ್ತು, ಈಗ ಸಾಲದು. ಗಂಭೀರ ಕಾರಣ ಇದ್ದು ಭಾನುವಾರದ ಪೂಜೆಗೆ ಬರಲಾಗದಿದ್ದರೆ ಮನೆಯಲ್ಲೇ ಪ್ರಾರ್ಥಿಸಿ ಅಂತ ಕಥೋಲಿಕ ಧರ್ಮಸಭೆಯ ಕಾನೂನೇ ಹೇಳುತ್ತದೆ. ಹಾಸಿಗೆ ಹಿಡಿದವರಿಗೆ, ತುಂಬಾ ವಯಸ್ಸಾದವರಿಗೆ ನೇರ ಪ್ರಸಾರ ಇವತ್ತಿಗೂ ವರವೇ. ಕಾಲು ಗಟ್ಟಿ ಇರುವವರು ಬನ್ನಿ.

ಲಸಿಕೆ ಹಾಕಿಸಿಕೊಳ್ಳುವುದು ವಿಶ್ವಾಸಕ್ಕೆ ವಿರುದ್ಧವಾ?

ಅಲ್ಲ. ಜನರ ಮನಸ್ಸಿನಲ್ಲಿದ್ದ ಅಳುಕು ಭ್ರೂಣದ ಜೀವಕೋಶದ ಬಗ್ಗೆ. ಕೋವಿಶೀಲ್ಡ್ ತಯಾರಿಸಲು ಬಳಸಿದ ಜೀವಕೋಶಗಳ ಸಂತತಿ 1970ರ ದಶಕದ ಒಂದು ಭ್ರೂಣದಿಂದ ಬಂದದ್ದು, ನಿಜ. ಕೋವ್ಯಾಕ್ಸಿನ್‌ಗೆ ಬಳಸಿದ್ದು ಮಂಗದ ಮೂತ್ರಪಿಂಡದ ಜೀವಕೋಶ. ವ್ಯಾಟಿಕನ್ 2020ರ ಡಿಸೆಂಬರ್ 21ರಂದು ಸ್ಪಷ್ಟವಾಗಿ ಹೇಳಿತು: ಬೇರೆ ಲಸಿಕೆ ಸಿಗದಿದ್ದಾಗ ಇಂಥದ್ದನ್ನು ಹಾಕಿಸಿಕೊಳ್ಳುವುದು ತಪ್ಪಲ್ಲ. ಬಲವಂತ ಇರಬಾರದು, ಆದರೆ ಎಲ್ಲರ ಒಳಿತಿನ ಹೊಣೆ ನಮ್ಮ ಮೇಲಿದೆ. ಮುಂದಿನ ವರ್ಷ ಪೋಪ್ ಫ್ರಾನ್ಸಿಸ್ ಲಸಿಕೆ ಹಾಕಿಸಿಕೊಳ್ಳುವುದು ಪ್ರೀತಿಯ ಕೆಲಸ ಅಂದರು. ನಮ್ಮ ಸುಪ್ರೀಂ ಕೋರ್ಟ್ ಕೂಡ 2022ರ ಮೇ 2ರಂದು, ಯಾರಿಗೂ ಬಲವಂತವಾಗಿ ಲಸಿಕೆ ಕೊಡುವಂತಿಲ್ಲ, ಆದರೆ ಸರ್ಕಾರದ ಲಸಿಕೆ ನೀತಿ ಅವಿವೇಕದ್ದಲ್ಲ ಅಂತ ತೀರ್ಪು ಕೊಟ್ಟಿತು.

ಅಮೆರಿಕದ ಚರ್ಚುಗಳು ಕೋರ್ಟಿಗೆ ಹೋಗಿ ಗೆದ್ದವು. ನಾವು ಯಾಕೆ ಸುಮ್ನೆ ಇದ್ದೆವು?

ಆ ತೀರ್ಪನ್ನು ಪೂರ್ತಿ ನೋಡಿ. 2020ರ ನವೆಂಬರ್ 25ರಂದು ಅಮೆರಿಕದ ಸುಪ್ರೀಂ ಕೋರ್ಟ್ ನ್ಯೂಯಾರ್ಕ್ ರಾಜ್ಯದ ಮಿತಿಗಳನ್ನು 5-4ರಲ್ಲಿ ತಡೆಯಿತು. ಅಲ್ಲಿ ಕೆಲವು ವಲಯಗಳಲ್ಲಿ ಪೂಜಾಸ್ಥಳಕ್ಕೆ 10, ಇನ್ನು ಕೆಲವು ಕಡೆ 25 ಜನ ಅಂತ ಮಿತಿ. ಅದೇ ವಲಯದ ‘ಅಗತ್ಯ’ ಅಂಗಡಿಗಳಿಗೆ ಮಿತಿಯೇ ಇರಲಿಲ್ಲ. ಕೋರ್ಟ್ ಹಿಡಿದದ್ದು ಆ ವ್ಯತ್ಯಾಸವನ್ನು. ಆರೋಗ್ಯ ನಿಯಮವೇ ಬೇಡ ಅಂತ ಅಲ್ಲ. ವಾಟ್ಸಾಪ್‌ನಲ್ಲಿ ಓಡಾಡಿದ್ದು ‘ಚರ್ಚು ಗೆದ್ದಿತು’ ಅನ್ನುವ ಸಾಲು ಮಾತ್ರ.

ಕೊರೊನಾದಿಂದ ಸತ್ತವರಿಗೆ ಕ್ರೈಸ್ತ ಸಂಸ್ಕಾರ ಮಾಡಲು ನಿಯಮದಲ್ಲಿ ಅವಕಾಶ ಇತ್ತಾ?

ಇತ್ತು. ಇದು ಬಹಳ ಜನರಿಗೆ ಗೊತ್ತಿರಲಿಲ್ಲ, ಅದರಿಂದ ಆದ ನೋವು ದೊಡ್ಡದು. ಕೇಂದ್ರ ಸರ್ಕಾರ 2020ರ ಮಾರ್ಚ್‌ನಲ್ಲೇ ಕೊಟ್ಟ ಮಾರ್ಗಸೂಚಿಯಲ್ಲಿ, ಶವ ಮುಟ್ಟದೆ ಮಾಡುವ ಧರ್ಮಗ್ರಂಥ ಪಠಣ, ತೀರ್ಥ ಚಿಮುಕಿಸುವುದು ಇವಕ್ಕೆ ಅನುಮತಿ ಇದೆ ಅಂತ ಬರೆದಿತ್ತು. ಸ್ನಾನ ಮಾಡಿಸುವುದು, ಮುತ್ತಿಡುವುದು, ಅಪ್ಪಿಕೊಳ್ಳುವುದು ಮಾತ್ರ ಬೇಡ. 2020ರ ಲಾಕ್‌ಡೌನ್‌ನಲ್ಲಿ ಅಂತ್ಯಸಂಸ್ಕಾರಕ್ಕೆ 20 ಜನರವರೆಗೆ ಸೇರಬಹುದಿತ್ತು. ಆದರೂ ಎಷ್ಟೋ ಕುಟುಂಬಗಳು ಹೆದರಿ, ಏನೂ ಮಾಡುವಂತಿಲ್ಲ ಅಂದುಕೊಂಡು ಮನೆಯಲ್ಲೇ ಉಳಿದವು.

2021ರ ಏಪ್ರಿಲ್, ಮೇ ತಿಂಗಳು ನೆನಪಿದೆಯಲ್ಲ. ಚಿತಾಗಾರಗಳ ಮುಂದೆ ಆಂಬುಲೆನ್ಸ್ ಸಾಲು. ನಮ್ಮ ಸಮಾಧಿಗಳಲ್ಲೂ ಗುಂಡಿ ತೋಡುವವರಿಗೆ ಬಿಡುವಿರಲಿಲ್ಲ. ಚರ್ಚಿನ ಹುಡುಗರು ಪಿಪಿಇ ಕಿಟ್ ಹಾಕಿ ಪೆಟ್ಟಿಗೆ ಹೊತ್ತರು. ಹಗ್ಗ ಹಿಡಿದು ಇಳಿಸುವಾಗ ಕನ್ನಡಕಕ್ಕೆ ಹಬೆ ಕಟ್ಟಿ ಕಾಲಡಿ ಕಾಣದು. ಫಾದರ್ ಒಂದಿಷ್ಟು ದೂರ ನಿಂತು ಪ್ರಾರ್ಥನೆ ಹೇಳುವರು. ಒಬ್ಬ ಹುಡುಗ ವಿಡಿಯೊ ಕಾಲ್ ಹಿಡಿದಿರುವನು, ಆ ಕಡೆ ಬರಲಾಗದ ಮಗಳು. ಆ ಹುಡುಗರು ಬೇರೆ ಧರ್ಮದ ಅನಾಥ ಶವಗಳಿಗೂ ಹೆಗಲು ಕೊಟ್ಟರು. ಆರೋಗ್ಯ ನಿಯಮಕ್ಕೆ ಬೆಂಗಳೂರಿನ ಚರ್ಚು ಹೇಗೆ ಸ್ಪಂದಿಸಿತು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ದಹನ ಮಾಡಬಹುದಾ ಅನ್ನುವ ಪ್ರಶ್ನೆಯೂ ಆಗ ಬಂತು. ಕಥೋಲಿಕರಿಗೆ 1963ರಿಂದಲೇ ಅನುಮತಿ ಇದೆ. ಹೂಳುವುದು ಉತ್ತಮ ಅಂತ ಧರ್ಮಸಭೆ ಹೇಳುತ್ತದೆ, ದಹನಕ್ಕೆ ನಿಷೇಧ ಇಲ್ಲ. ಅಸ್ಥಿಯನ್ನು ಚೆಲ್ಲದೆ, ಸಮಾಧಿಯಂಥ ಪವಿತ್ರ ಜಾಗದಲ್ಲಿ ಇಡಬೇಕು.

ಐಸಿಯುನಲ್ಲಿ ಇರುವವರ ಬಳಿ ಫಾದರ್ ಅಥವಾ ಪಾಸ್ಟರ್ ಹೋಗಬಹುದಾ?

ನನ್ನ ಪ್ರಕಾರ ನಾವು ಜೋರಾಗಿ ಕೇಳಬೇಕಿದ್ದ ವಿಷಯ ಇದೊಂದೇ. ಸಭೆ ಸೇರುವುದನ್ನು ಕೆಲವು ತಿಂಗಳು ಬಿಡಬಹುದು. ಸಾಯುತ್ತಿರುವವರಿಗೆ ಮತ್ತೊಂದು ಭಾನುವಾರ ಇಲ್ಲ. ಪಿಪಿಇ ಹಾಕಿ ನರ್ಸ್ ಹೋಗಬಹುದಾದರೆ, ಅದೇ ತರಬೇತಿ ಪಡೆದು ಒಬ್ಬ ಗುರು ಐದು ನಿಮಿಷ ಯಾಕೆ ಹೋಗಬಾರದು?

ಧರ್ಮಸಭೆಯ ಕಡೆಯಿಂದ ಅಡ್ಡಿ ಇಲ್ಲ. ರೋಗಿಗಳ ಅಭ್ಯಂಗವನ್ನು (ರೋಗಿಗೆ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ) ಕೈಯಿಂದಲೇ ಮಾಡಬೇಕು, ಆದರೆ ಗಂಭೀರ ಕಾರಣ ಇದ್ದರೆ ಸಾಧನ ಬಳಸಬಹುದು ಅಂತ ಕಥೋಲಿಕ ಧರ್ಮಸಭೆಯ ಕಾನೂನಿನಲ್ಲೇ ಇದೆ. ಹತ್ತಿಯ ಕಡ್ಡಿಗೆ ಎಣ್ಣೆ ಅದ್ದಿ ಹಚ್ಚಿ, ಆಮೇಲೆ ಸುಟ್ಟರೆ ಆಯಿತು. ಮುಂದಿನ ಸಲ ಆಸ್ಪತ್ರೆಗಳ ಜೊತೆ ಈ ಒಪ್ಪಂದ ಮೊದಲೇ ಆಗಿರಲಿ. ಸೇಂಟ್ ಜಾನ್ಸ್, ಸೇಂಟ್ ಮಾರ್ಥಾಸ್, ಬ್ಯಾಪ್ಟಿಸ್ಟ್ ಆಸ್ಪತ್ರೆ ಅಂತ ಕ್ರೈಸ್ತರೇ ನಡೆಸುವ ದೊಡ್ಡ ಆಸ್ಪತ್ರೆಗಳು ಈ ಊರಲ್ಲಿವೆ. ಅಲ್ಲಿಂದ ಶುರು ಮಾಡಬಹುದು.

‘ಪ್ರಾರ್ಥನೆ ಮಾಡಿದ್ದೇವೆ, ಇನ್ನು ಮಾತ್ರೆ ಬೇಡ’ ಅಂತ ಒಬ್ಬರು ಹೇಳಿದರು. ಬಿಡಲಾ?

ಬಿಡಬೇಡಿ. ಯಾಕೋಬ 5:14ರಲ್ಲಿ ಹಿರಿಯರು ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಅಂತಿದೆ, ಔಷಧ ಬಿಡಿ ಅಂತಿಲ್ಲ. ಶುಭಸಂದೇಶ ಬರೆದ ಲೂಕನೇ ವೈದ್ಯ. ಸಕ್ಕರೆ ಕಾಯಿಲೆ, ಫಿಟ್ಸ್, ಕ್ಷಯದ ಮಾತ್ರೆ ನಡುವೆ ನಿಲ್ಲಿಸಿದರೆ ಜೀವ ಹೋಗಬಹುದು. ಕ್ಷಯದಲ್ಲಿ ರೋಗಾಣು ಔಷಧಕ್ಕೇ ಬಗ್ಗದ ಹಾಗಾಗಿ ಪಕ್ಕದ ಬೆಂಚಿನವರಿಗೂ ಅಂಟಬಹುದು. ಅದ್ಭುತ ಪರಿಹಾರದಿಂದ ಕ್ಯಾನ್ಸರ್, ಸಕ್ಕರೆ ಕಾಯಿಲೆ ವಾಸಿ ಅಂತ ಜಾಹೀರಾತು ಕೊಡುವುದನ್ನು 1954ರಿಂದಲೇ ತಡೆಯುವ ಕಾಯ್ದೆ ಇದೆ. ಪೋಸ್ಟರ್ ಅಚ್ಚು ಹಾಕಿಸುವ ಮೊದಲು ಪಾಸ್ಟರ್‌ಗಳು ಇದನ್ನು ತಿಳಿದಿರಬೇಕು.

ಹಿಂದಿನ ಕಾಲದ ಕ್ರೈಸ್ತರು ಇಂಥ ನಿಯಮಕ್ಕೆ ಬಗ್ಗುತ್ತಿದ್ದರಾ?

1576ರಲ್ಲಿ ಮಿಲಾನ್‌ನಲ್ಲಿ ಪ್ಲೇಗ್ ಬಂದಾಗ ಸಂತ ಚಾರ್ಲ್ಸ್ ಬೊರೊಮಿಯೊ ಬೀದಿ ಕೂಡುವ ಕಡೆ ಪೀಠ ಹಾಕಿಸಿ ಪೂಜೆ ಮಾಡಿಸಿದರು. ಜನ ಕಿಟಕಿಯಲ್ಲಿ ನಿಂತು ಭಾಗವಹಿಸಿದರು. 1527ರಲ್ಲಿ ಮಾರ್ಟಿನ್ ಲೂಥರ್ ವಿಟೆನ್‌ಬರ್ಗ್‌ನಲ್ಲಿ ಪ್ಲೇಗಿನ ನಡುವೆ ಬರೆದ ಪತ್ರದ ಸಾರವೂ ಇದೇ: ಔಷಧ ತೆಗೆದುಕೊಳ್ಳುತ್ತೇನೆ, ನನ್ನ ಅಗತ್ಯ ಇಲ್ಲದ ಕಡೆ ಹೋಗುವುದಿಲ್ಲ, ನೆರೆಯವನಿಗೆ ನಾನು ಬೇಕಾದರೆ ಹೋಗೇ ಹೋಗುತ್ತೇನೆ.

ನಮ್ಮ ಊರಿಗೂ 1898ರಲ್ಲಿ ಪ್ಲೇಗ್ ಬಂತು. ಬಸವನಗುಡಿ, ಮಲ್ಲೇಶ್ವರ, ಆಮೇಲೆ ಫ್ರೇಜರ್ ಟೌನ್ ಗಾಳಿ ಬೆಳಕಿನ ಬಡಾವಣೆಗಳಾಗಿ ಬೆಳೆದದ್ದರ ಹಿಂದೆ ಆ ಪ್ಲೇಗ್ ಇದೆ. ಇವತ್ತು ಫ್ರೇಜರ್ ಟೌನಿನಲ್ಲಿ ಇರುವ ಎಷ್ಟೋ ಕ್ರೈಸ್ತ ಮನೆಗಳು ನಿಂತಿರುವುದೇ ಒಂದು ಆರೋಗ್ಯ ನಿಯಮದ ಮೇಲೆ.

ಈಗ ಯಾವ ಯಾವ ನಿಯಮ ಚರ್ಚಿಗೆ ಅನ್ವಯಿಸುತ್ತದೆ?

ಡೆಂಗಿ ಮುಖ್ಯ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟ ಜಾಗದವರಿಗೆ ದಂಡ ಇಟ್ಟಿತು. ಚರ್ಚಿನಲ್ಲಿ ನೀರು ನಿಲ್ಲುವ ಜಾಗ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಮೃತರ ಸ್ಮರಣೆಯ ದಿನವಾದ ನವೆಂಬರ್ 2ರಂದು ಸಮಾಧಿಗಳ ಮೇಲೆ ಇಟ್ಟ ಹೂದಾನಿಗಳು, ಬಾಗಿಲ ಪಕ್ಕದ ತೀರ್ಥದ ಬಟ್ಟಲು, ಗವಿಯ ಮುಂದಿನ ಕೊಳ, ದೀಕ್ಷಾಸ್ನಾನ ಆದ ಮೇಲೆ ಖಾಲಿ ಮಾಡದ ತೊಟ್ಟಿ. ವಾರಕ್ಕೊಮ್ಮೆ ಚೆಲ್ಲಿ, ಉಜ್ಜಿ ತೊಳೆಯಿರಿ.

ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅವಕಾಶ ಇಲ್ಲ. ಚೆನ್ನೈನ ಒಂದು ಪೆಂತೆಕೋಸ್ತ್ ಸಭೆಯ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ 2000ದ ಆಗಸ್ಟ್‌ನಲ್ಲಿ, ಬೇರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥಿಸಿ ಅಂತ ಯಾವ ಧರ್ಮವೂ ಹೇಳುವುದಿಲ್ಲ ಅಂದಿತು. ಶಿವಾಜಿನಗರದ ಸಂತ ಮರಿಯಮ್ಮನವರ ಚರ್ಚಿನ ಸೆಪ್ಟೆಂಬರ್ 8ರ ತೇರಿನಂಥ ದೊಡ್ಡ ಹಬ್ಬಕ್ಕೆ ಕುಡಿಯುವ ನೀರು, ಶೌಚಾಲಯ, ಊಟದ ಸ್ವಚ್ಛತೆ ಎಲ್ಲವನ್ನೂ ಪಾಲಿಕೆ ಜೊತೆ ಮೊದಲೇ ಮಾತಾಡಿಕೊಳ್ಳಬೇಕು.

ನಾಳೆ ಮತ್ತೆ ಇಂಥ ಆದೇಶ ಬಂದರೆ ಸಮಿತಿ ಮೊದಲು ಏನು ಮಾಡಬೇಕು?

ಮೂಲ ಆದೇಶ ತರಿಸಿಕೊಂಡು ಓದಿ, ಫಾರ್ವರ್ಡ್ ಆದ ಚಿತ್ರವನ್ನಲ್ಲ. ಎಷ್ಟು ಜನ, ಯಾವ ತಾರೀಕಿನವರೆಗೆ, ಅಂತ್ಯಸಂಸ್ಕಾರಕ್ಕೆ ಏನು ಅನ್ನುವುದನ್ನು ಕನ್ನಡದಲ್ಲಿ ಬರೆದು ಗೇಟಿಗೆ ಅಂಟಿಸಿ. ಒಂಟಿಯಾಗಿ ಇರುವ ಹಿರಿಯರ ಪಟ್ಟಿ ಈಗಲೇ ಮಾಡಿಟ್ಟುಕೊಳ್ಳಿ. ಒಬ್ಬೊಬ್ಬರಿಗೂ ದಿನಾ ಫೋನ್ ಮಾಡುವವರು ಯಾರು, ಔಷಧ ತಂದುಕೊಡುವವರು ಯಾರು ಅಂತ ಹೆಸರು ಬರೆದಿರಲಿ. ಪಕ್ಕದ ಬಾಡಿಗೆ ಹಾಲಿನ ಪಾಸ್ಟರ್ ನಂಬರೂ ಆ ಪಟ್ಟಿಯಲ್ಲಿರಲಿ.